ಶಿಲ್ಲಾನ್: ಒಂದು ಜಲದುರ್ಗ, ಅದರ ಬಂದಿಗಳು

ಸ್ವಿಟ್ಜರ್ಲೆಂಡಿನ ಪಶ್ಚಿಮ ಭಾಗದಲ್ಲಿ, ಜಿನೀವಾ ಸರೋವರವು ತನ್ನ ಪೂರ್ವದ ತುದಿಯನ್ನು ಸಮೀಪಿಸುವೆಡೆ, ಆಲ್ಪ್ಸ್ ಪರ್ವತಶ್ರೇಣಿಯ ಕವಲೊಂದು ದಡದವರೆಗೂ ಒತ್ತಿಕೊಂಡು ಬಂದು ನಿಂತಿರುವ ಸ್ಥಳವೊಂದುಂಟು. ಪರ್ವತದ ಬುಡಕ್ಕೂ ನೀರಿನ ಅಂಚಿಗೂ ನಡುವೆ ಅಲ್ಲಿ ಉಳಿದಿರುವ ನೆಲ ಒಂದು ದಾರಿಗೆ ಸಾಲುವಷ್ಟು ಮಾತ್ರ. ಆ ದಾರಿಯ ಮಗ್ಗುಲಲ್ಲಿಯೇ, ದಡದಿಂದ ಕೆಲವೇ ಮಾರು ದೂರದಲ್ಲಿ, ಸರೋವರದೊಳಗಿಂದ ಮೇಲೆದ್ದ ಒಂದು ನೀಳವಾದ ಬಂಡೆ. ಆ ಬಂಡೆಯ ಅಂಚಿನಿಂದ ಅಂಚಿನವರೆಗೆ, ಎಲ್ಲಿ ಪ್ರಕೃತಿಯ ಕಲ್ಲು ಮುಗಿದು ಎಲ್ಲಿ ಮನುಷ್ಯನು ಕಟ್ಟಿದ ಗೋಡೆ ಮೊದಲಾಯಿತೆಂದು ದೂರದಿಂದ ನೋಡುವವರಿಗೆ ಹೇಳಲಾಗದಂತೆ, ಬುರುಜುಗಳನ್ನೂ ತೆನೆಗಳನ್ನೂ ಕಡಿದಾದ ಹೆಂಚಿನ ಮಾಡುಗಳನ್ನೂ ಹೊತ್ತು ನಿಂತಿರುವುದೇ ಶಿಲ್ಲಾನ್ ದುರ್ಗ. ಬೇರೆ ಕೋಟೆಗಳಿಗೆ ಕಂದಕವನ್ನು ತೋಡಬೇಕು. ಇದಕ್ಕೆ ಬಂಡೆಗೂ ದಡಕ್ಕೂ ನಡುವಣ ನೀರೇ ಕಂದಕವಾಯಿತು, ಒಂದು ಸೇತುವೆಯನ್ನು ಹಾಕಿದ್ದಷ್ಟೇ ಮನುಷ್ಯನ ಕೆಲಸ.

ಇಂಗ್ಲಿಷ್ ಕಾವ್ಯದ ಪರಿಚಯವುಳ್ಳವರಿಗೆ ಈ ಹೆಸರನ್ನು ಕೇಳಿದೊಡನೆ ನೆನಪಾಗುವುದು ಕೋಟೆಗಿಂತ ಮೊದಲು ಅದರ ಬಂದಿ. ಲಾರ್ಡ್ ಬೈರನ್ 1816ರಲ್ಲಿ ಬರೆದ ‘ದಿ ಪ್ರಿಸನರ್ ಆಫ್ ಶಿಲ್ಲಾನ್’ ಎಂಬ ಕಥನಕವನ ಹೊರಬಂದಂದಿನಿಂದ ಈ ದುರ್ಗದ ಶತಶತಮಾನಗಳ ವೃತ್ತಾಂತವೆಲ್ಲವೂ ನೆಲಮಾಳಿಗೆಯ ಒಂದು ಕಂಬದಲ್ಲಿ, ಆ ಕಂಬದ ಒಂದು ಕಬ್ಬಿಣದ ಬಳೆಯಲ್ಲಿ ಬಂದು ನಿಂತುಬಿಟ್ಟಿತು. ಕಾವ್ಯದ ಬಂದಿಯನ್ನು ಲೋಕವೆಲ್ಲ ಬಲ್ಲದು; ಆ ಹೆಸರಿನಿಂದ ನಿಜವಾಗಿ ಬಾಳಿದ ಮನುಷ್ಯನನ್ನು ಬಲ್ಲವರು ಸ್ವಲ್ಪ ಮಂದಿ; ಅವನಿಗೆ ಮುಂಚೆಯೂ ಅವನ ತರುವಾಯವೂ ಅದೇ ಗೋಡೆಗಳೊಳಗೆ ನರಳಿದವರನ್ನು ಬಲ್ಲವರಂತೂ ತೀರ ವಿರಳ. ಕವಿಯ ಕೀರ್ತಿಗೆ ಕುಂದು ತರುವ ಉದ್ದೇಶ ನನ್ನದಲ್ಲ. ಆದರೆ ಒಂದು ಕಟ್ಟಡದ ಮೇಲೆ ಕವಿತೆಯೊಂದು ಬೆಳಕು ಚೆಲ್ಲಿದಾಗ ಆ ಬೆಳಕು ಬೀಳದ ಮೂಲೆಗಳೂ ಉಳಿದಿರುತ್ತವೆಂಬುದನ್ನು ನಾವು ನೆನೆಯಬೇಕಾಗಿದೆ.

ಈ ಬಂಡೆಗೆ ಬೆಲೆ ಬಂದುದು ದಾರಿಯಿಂದ. ಉತ್ತರ ಯೂರೋಪಿನಿಂದ ಇಟಲಿಗೆ ಹೋಗುವವರು ಆಲ್ಪ್ಸ್ ಪರ್ವತವನ್ನು ದಾಟಲು ಆರಿಸಿಕೊಳ್ಳುತ್ತಿದ್ದ ಪ್ರಾಚೀನ ಮಾರ್ಗಗಳಲ್ಲಿ ಮಹಾ ಸೇಂಟ್ ಬರ್ನಾರ್ಡ್ ಘಟ್ಟದ ಮಾರ್ಗವೊಂದು. ರೋಮಿಗೆ ಹೊರಟ ಯಾತ್ರಿಕರು, ಉಣ್ಣೆಯ ಮತ್ತು ಬಟ್ಟೆಯ ವರ್ತಕರು, ದಂಡೆತ್ತಿ ಹೋಗುವ ದೊರೆಗಳು, ಎಲ್ಲರೂ ಸರೋವರದ ಈ ತುದಿಯನ್ನು ಬಳಸಿಯೇ ಘಟ್ಟವನ್ನು ಹತ್ತಬೇಕಾಗಿತ್ತು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ 300 ಮೀಟರಿಗೂ ಮಿಕ್ಕ ಆಳಕ್ಕೆ ಇಳಿಯುವ ಸರೋವರ. ನಡುವಣ ಕಿರುದಾರಿಯನ್ನು ಬಿಟ್ಟು ಸುತ್ತಿಹೋಗುವ ಉಪಾಯವಿಲ್ಲ. ಇಂತಹ ಎಡೆಯಲ್ಲಿ ಬಂಡೆಯನ್ನು ಹಿಡಿದವನು ದಾರಿಯನ್ನು ಹಿಡಿದನು, ದಾರಿಯನ್ನು ಹಿಡಿದವನು ಸುಂಕವನ್ನು ಹಿಡಿದನು. ಕಂಚಿನ ಯುಗದಿಂದಲೇ ಮನುಷ್ಯರು ಇಲ್ಲಿ ನೆಲೆನಿಂತಿದ್ದುದಕ್ಕೆ ಅಗೆತದಲ್ಲಿ ಕುರುಹುಗಳು ದೊರೆತಿವೆ. ರೋಮನರ ಕಾಲದ ಕುರುಹುಗಳೂ ಉಂಟು. ಒಂಬತ್ತನೆಯ ಶತಮಾನದಲ್ಲಿ ಚಕ್ರವರ್ತಿ ಲೂಯಿಯು ತನ್ನ ಬಂಧುವೂ ಮಠಾಧಿಪತಿಯೂ ಆಗಿದ್ದ ವಾಲಾ ಎಂಬಾತನ ಮೇಲೆ ಮುನಿದು, ಆಕಾಶ, ಪರ್ವತ, ನೀರು ಇವಿಷ್ಟಲ್ಲದೆ ಬೇರೇನೂ ಕಾಣದ ಒಂದು ಸ್ಥಳದಲ್ಲಿ ಅವನನ್ನಿರಿಸಿದನೆಂದೂ, ಆ ಸ್ಥಳ ಇದೇ ಎಂದೂ ಒಂದು ಐತಿಹ್ಯವಿದೆ. ಐತಿಹ್ಯವನ್ನು ಐತಿಹ್ಯವೆಂದೇ ಸ್ವೀಕರಿಸೋಣ. ಆದರೆ ಈ ದುರ್ಗದ ಹಣೆಯಲ್ಲಿ ಮೊದಲಿನಿಂದಲೂ ಸೆರೆಮನೆಯೆಂಬ ಬರಹವಿದ್ದಿತೆಂಬ ಜನದ ಭಾವನೆಗೆ ಅದು ಸಾಕ್ಷಿ.

ದಾಖಲೆಯಲ್ಲಿ ಇದರ ಹೆಸರು ಸ್ಪಷ್ಟವಾಗಿ ಬರುವುದು 1150ರಲ್ಲಿ. ಸವಾಯ್ ಮನೆತನದ ಕೌಂಟ್ ಮೂರನೆಯ ಹಂಬರ್ಟನು ಸಮೀಪದ ಮಠವೊಂದರ ಸನ್ಯಾಸಿಗಳಿಗೆ ಇಲ್ಲಿ ಸುಂಕವಿಲ್ಲದೆ ಹಾದುಹೋಗುವ ಹಕ್ಕನ್ನು ಬರೆದುಕೊಟ್ಟನು. ಆಲ್ಪ್ಸಿನ ಇಬ್ಬದಿಯಲ್ಲೂ ಒಡೆತನವನ್ನು ಹರಡಿಕೊಳ್ಳುತ್ತಿದ್ದ ಆ ಮನೆತನಕ್ಕೆ ಘಟ್ಟದ ಬಾಗಿಲುಗಳೇ ಭಾಗ್ಯದ ಬಾಗಿಲುಗಳಾದವು. 1214ರಲ್ಲಿ ಕೌಂಟ್ ಥಾಮಸನು ದುರ್ಗದ ಹತ್ತಿರದಲ್ಲಿಯೇ ವಿಲ್‌ನವ್ ಎಂಬ ಹೊಸ ಪೇಟೆಯನ್ನು ಕಟ್ಟಿಸಿದನು. ಪೇಟೆಯಲ್ಲಿ ಸರಕು ಇಳಿಯಿತು, ಕೋಟೆಯ ಅಧಿಕಾರಿ ಲೆಕ್ಕ ಬರೆದನು. ಆ ಸುಂಕದ ಲೆಕ್ಕಗಳು ಇಂದಿಗೂ ಉಳಿದುಬಂದು, ಮಧ್ಯಯುಗದ ವ್ಯಾಪಾರವನ್ನು ಅಭ್ಯಾಸಮಾಡುವ ವಿದ್ವಾಂಸರಿಗೆ ನಿಧಿಯಾಗಿವೆ.

ಇಂದು ನಾವು ನೋಡುವ ಭವ್ಯರೂಪವನ್ನು ದುರ್ಗಕ್ಕೆ ಬಹುಮಟ್ಟಿಗೆ ಕೊಟ್ಟವನು ಥಾಮಸನ ಮಗ ಎರಡನೆಯ ಪೀಟರ್, ತನ್ನ ಪರಾಕ್ರಮದಿಂದ ‘ಕಿರಿಯ ಶಾರ್ಲ್‌ಮೇನ್’ ಎಂಬ ಬಿರುದನ್ನು ಪಡೆದವನು. ಇವನ ಸೋದರಿಯ ಮಗಳು ಎಲಿನೋರ್ ಇಂಗ್ಲೆಂಡಿನ ದೊರೆ ಮೂರನೆಯ ಹೆನ್ರಿಯನ್ನು ವರಿಸಿದಳು. ಆ ಸಂಬಂಧದಿಂದ ಪೀಟರನು ಇಂಗ್ಲೆಂಡಿಗೆ ಹೋಗಿ ದೊರೆಯ ಆಪ್ತನಾದನು, ಲಂಡನ್ನಿನಲ್ಲಿ ಥೇಮ್ಸ್ ನದಿಯ ದಡದ ಭೂಮಿಯನ್ನು ಉಂಬಳಿಯಾಗಿ ಪಡೆದನು. ಅಲ್ಲಿ ಎದ್ದ ಅರಮನೆಗೆ ಸವಾಯ್ ಎಂದು ಹೆಸರಾಯಿತು, ಮತ್ತು ಆ ನೆಲದ ಮೇಲೆ ಇಂದಿರುವ ಪ್ರಸಿದ್ಧ ಹೋಟೆಲು ಆ ಹೆಸರನ್ನೇ ಉಳಿಸಿಕೊಂಡಿದೆ. ಸವಾಯ್ ದೊರೆಗಳ ಕಟ್ಟಡಗಳಲ್ಲಿ ಪಳಗಿದ ಸೇಂಟ್ ಜಾರ್ಜಿನ ಜೇಮ್ಸ್ ಎಂಬ ಸ್ಥಪತಿ ಕೆಲವು ವರ್ಷಗಳ ತರುವಾಯ ಹೆನ್ರಿಯ ಮಗ ಎಡ್ವರ್ಡನ ಸೇವೆಗೆ ಸೇರಿ, ವೇಲ್ಸಿನಲ್ಲಿ ಕಾನ್ವಿ, ಹಾರ್ಲೆಕ್, ಬೋಮಾರಿಸ್ ಮೊದಲಾದ ಮಹಾದುರ್ಗಗಳನ್ನು ಎಬ್ಬಿಸಿದನು. ಹಾರ್ಲೆಕ್ಕಿನ ಹೆಬ್ಬಾಗಿಲ ಮೇಲಣ ಕಿಟಕಿಗಳನ್ನೂ ಶಿಲ್ಲಾನಿನ ಕಿಟಕಿಗಳನ್ನೂ ಹೋಲಿಸಿನೋಡಿದವರು ಎರಡರ ನಡುವೆ ಒಂದೇ ಕೈವಾಡದ ಸಂಪ್ರದಾಯವನ್ನು ಗುರುತಿಸಿದ್ದಾರೆ.

ಈ ಕಟ್ಟಡಕ್ಕೆ ಎರಡು ಮುಖಗಳುಂಟು, ಎರಡಕ್ಕೂ ಸ್ವಭಾವ ಬೇರೆ. ದಾರಿಯ ಕಡೆಗೆ ತಿರುಗಿರುವುದು ಯುದ್ಧದ ಮುಖ: ದಪ್ಪನೆಯ ಗೋಡೆ, ಮುಂದಕ್ಕೆ ಚಾಚಿದ ಅರ್ಧವೃತ್ತದ ಬುರುಜುಗಳು, ಬಾಣ ಬಿಡುವ ಕಿರುಕಂಡಿಗಳು, ಗೋಡೆಯ ಬುಡಕ್ಕೆ ಬಂದ ಶತ್ರುವಿನ ತಲೆಯ ಮೇಲೆ ಕಲ್ಲು ಸುರಿಯಲು ಬಿಟ್ಟ ತೆರಪುಗಳು. ನೀರಿನ ಕಡೆಗಿರುವುದು ಅರಮನೆಯ ಮುಖ: ಸರೋವರದ ಮೇಲೆ ತೆರೆಯುವ ಕುಸುರಿಕೆಲಸದ ಕಮಾನುಕಿಟಕಿಗಳು, ಕಿಟಕಿಯ ಗೂಡಿನಲ್ಲಿ ಎದುರುಬದುರಾಗಿ ಕುಳಿತು ಮಾತನಾಡಲು ಕಲ್ಲಿನ ಆಸನಗಳು. ಮೂರು ಅಂಗಳಗಳ ಸುತ್ತ ಸುಮಾರು 25 ಕಟ್ಟಡಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಕೌಂಟನ ಶಯ್ಯಾಗೃಹದ ಗೋಡೆಗಳಿಗೆ ಹದಿನಾಲ್ಕನೆಯ ಶತಮಾನದಲ್ಲಿ ಬಿಡಿಸಿದ ಮೃಗಗಳ ಚಿತ್ರಗಳು ಮಾಸಿದರೂ ಇನ್ನೂ ಕಾಣುತ್ತವೆ. ಕಾವಲಿನ ಕಠೋರತೆಯ ನಡುವೆ ಬಣ್ಣಗಳನ್ನು ಬಯಸಿದ ಯಾರದೋ ಮನಸ್ಸು ಅಲ್ಲಿ ನಮಗೆ ಹತ್ತಿರವಾಗುತ್ತದೆ. ಆದರೆ ಇಡೀ ದುರ್ಗದಲ್ಲಿ ಅತ್ಯಂತ ಸುಂದರವಾದ ಭಾಗ ಯಾವುದೆಂದು ಕೇಳಿದರೆ ನೆಲಮಾಳಿಗೆಯೆಂದೇ ಉತ್ತರ ಹೇಳಬೇಕು. ನೆಲದಲ್ಲಿ ಬಂಡೆ ಹಾಗೆಯೇ ಉಬ್ಬಿನಿಂತಿದೆ. ಅದರ ಮೇಲೆ ಸಾಲುಗಂಬಗಳು. ಕಂಬದ ತಲೆಯಿಂದ ತಾಳೆಯ ಗರಿಗಳಂತೆ ಹರಡಿಕೊಳ್ಳುವ ಕಮಾನಿನ ಏಣುಗಳು. ಪಶ್ಚಿಮದ ಕಿಂಡಿಗಳಿಂದ ಒಳನುಗ್ಗಿದ ಬೆಳಕು ಸರೋವರದ ಅಲೆಯೊಡನೆ ಚಾವಣಿಯ ಮೇಲೆ ಓಲಾಡುವುದು. ಉಗ್ರಾಣಕ್ಕೆಂದೂ ಆಯುಧಗಳಿಗೆಂದೂ ಕಟ್ಟಿದ ಈ ಸ್ಥಳಕ್ಕೆ ಕಾಲಿಟ್ಟವರಿಗೆ ದೇವಾಲಯವನ್ನು ಹೊಕ್ಕ ಭಾವನೆ ಬರುವುದು ಸಹಜ. ಮನುಷ್ಯನು ಮನುಷ್ಯನಿಗೆ ಮಾಡಿದ ಕ್ರೌರ್ಯವೂ ಇದೇ ದುರ್ಗದಲ್ಲಿ ನಡೆಯಿತು.

1348ರಲ್ಲಿ ಮಹಾಮಾರಿಯಾದ ಪ್ಲೇಗು ಮೆಡಿಟರೇನಿಯನ್ ಕರಾವಳಿಯಿಂದ ಮೇಲಕ್ಕೆ ಹಬ್ಬಿ ಸವಾಯ್ ಸೀಮೆಗೂ ಬಂದಿತು. ರೋಗದ ಕಾರಣ ತಿಳಿಯದ ಜನ ಕಾರಣವನ್ನು ನೆರೆಯವರಲ್ಲಿ ಹುಡುಕಿದರು. ಯೆಹೂದ್ಯರು ಬಾವಿಗಳಿಗೂ ಚಿಲುಮೆಗಳಿಗೂ ವಿಷ ಬೆರೆಸುತ್ತಿದ್ದಾರೆಂಬ ವದಂತಿ ಊರಿಂದೂರಿಗೆ ಹರಡಿತು. ವಿಲ್‌ನವ್ ಮೊದಲಾದ ಸರೋವರತೀರದ ಊರುಗಳ ಯೆಹೂದ್ಯರನ್ನು ಹಿಡಿದುತಂದು ಶಿಲ್ಲಾನಿನಲ್ಲಿ ಸೆರೆಯಿಟ್ಟರು. ಸೆಪ್ಟೆಂಬರ್ ತಿಂಗಳಲ್ಲಿ ವಿಚಾರಣೆ ನಡೆಯಿತು, ವಿಚಾರಣೆಯೆಂದರೆ ಚಿತ್ರಹಿಂಸೆ. ಬಲವಿನ್ಯಿ ಎಂಬ ಶಸ್ತ್ರವೈದ್ಯನೊಬ್ಬನಿದ್ದನು. ಹಿಂಸೆಯನ್ನು ತಾಳಲಾರದೆ ಅವನು ಕೇಳಿದ್ದನ್ನೆಲ್ಲ ಒಪ್ಪಿಕೊಂಡನು: ಸ್ಪೇನಿನ ತೊಲೆಡೊ ನಗರದಿಂದ ಬಂದವನೊಬ್ಬನು ತನಗೆ ವಿಷದ ಪೊಟ್ಟಣ ಕಳುಹಿಸಿದನೆಂದೂ, ಅದನ್ನು ಕ್ಲಾರೆನ್ಸ್ ಎಂಬ ಹಳ್ಳಿಯ ಚಿಲುಮೆಯಲ್ಲಿಟ್ಟೆನೆಂದೂ ಹೇಳಿದನು. ಅವನನ್ನು ದೋಣಿಯಲ್ಲಿ ಕ್ಲಾರೆನ್ಸಿಗೆ ಕರೆದೊಯ್ದು ಚಿಲುಮೆಯನ್ನು ತೋರಿಸಹೇಳಿದರು. ನೀರಿನಲ್ಲಿ ಸಿಕ್ಕಿದ ಒಂದು ಬಟ್ಟೆಯ ಚೂರೇ ಸಾಕ್ಷ್ಯವಾಯಿತು.

ರೋಗಿಗಳ ಗಾಯಗಳನ್ನು ಕಟ್ಟುತ್ತಿದ್ದ ಕೈಗಳಿಗೆ ವಿಷವಿಟ್ಟ ಆರೋಪ ಹೊರಿಸಿದ ಆ ಹೇಳಿಕೆಗಳು ಶಿಲ್ಲಾನಿನಲ್ಲಿಯೇ ಉಳಿದಿದ್ದರೂ ಅನ್ಯಾಯವೇ ಆಗುತ್ತಿತ್ತು. ಆದರೆ ಅವು ಅಲ್ಲಿ ಉಳಿಯಲಿಲ್ಲ. ಕೋಟೆಯ ಅಧಿಕಾರಿ ಅವುಗಳ ಪ್ರತಿಯನ್ನು ಮಾಡಿಸಿ ದೂರದ ಸ್ಟ್ರಾಸ್‌ಬರ್ಗ್ ನಗರಕ್ಕೆ ಕಳುಹಿಸಿದನು. ಪೋಪ್ ಆರನೆಯ ಕ್ಲೆಮೆಂಟನು ಆ ವರ್ಷವೇ ಆಜ್ಞಾಪತ್ರಗಳನ್ನು ಹೊರಡಿಸಿ, ಯೆಹೂದ್ಯರೂ ಇದೇ ರೋಗದಿಂದ ಸಾಯುತ್ತಿದ್ದಾರೆ, ಯೆಹೂದ್ಯರೇ ಇಲ್ಲದ ನಾಡುಗಳಲ್ಲಿಯೂ ರೋಗ ಹಬ್ಬಿದೆ, ಆದಕಾರಣ ಈ ಅಪವಾದ ಸುಳ್ಳು ಎಂದು ತಿಳಿಯಹೇಳಿದ್ದನು. ಅವನ ವಿವೇಕದ ಮಾತಿಗಿಂತ ಹಿಂಸೆಯಿಂದ ಹಿಂಡಿದ ಸುಳ್ಳು ವೇಗವಾಗಿ ನಡೆಯಿತು. 1349ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗಿನ ಯೆಹೂದ್ಯರನ್ನು, ನೂರಾರು ಜನರನ್ನು, ಅವರ ಸ್ಮಶಾನಕ್ಕೆ ಅಟ್ಟಿ ಸುಟ್ಟರು. ಬಲವಿನ್ಯಿಯ ಹೆಸರಿನಲ್ಲಿ ಯಾವ ಮಹಾಕವಿಯೂ ಕಾವ್ಯವನ್ನು ಬರೆಯಲಿಲ್ಲ. ಶಿಲ್ಲಾನಿನ ಬಂದಿಗಳನ್ನು ನೆನೆಯುವಾಗ ಮೊದಲು ನೆನೆಯಬೇಕಾದವನು ಅವನೆಂದು ನನ್ನ ಎಣಿಕೆ.

ಕಾವ್ಯದ ನಾಯಕನ ಕಾಲ ಇನ್ನೂ ಸುಮಾರು ಇನ್ನೂರು ವರ್ಷ ಈಚಿನದು. ಫ್ರಾನ್ಸ್ವಾ ಬೊನಿವಾರ್ 1493ರಲ್ಲಿ ಹುಟ್ಟಿದವನು; ಸವಾಯ್ ಸೀಮೆಯ ಕುಲೀನ ಮನೆತನದವನು. ಜಿನೀವಾ ನಗರದ ಗೋಡೆಯ ಹೊರಗಿದ್ದ ಸೇಂಟ್ ವಿಕ್ಟರ್ ಮಠದ ಮುಖ್ಯಸ್ಥಾನ ವಂಶದ ಹಕ್ಕಿನಂತೆ ಚಿಕ್ಕಂದಿನಲ್ಲಿಯೇ ಅವನಿಗೆ ಬಂದಿತು. ಓದಿನಲ್ಲಿ ಆಸಕ್ತಿ, ಮಾತಿನಲ್ಲಿ ಚಾಟು, ಸ್ನೇಹದಲ್ಲಿ ಧಾರಾಳ. ತಪಸ್ವಿಯ ಲಕ್ಷಣಗಳು ಅವನಲ್ಲಿ ಕಡಮೆ. ಆ ಕಾಲದಲ್ಲಿ ಜಿನೀವಾ ನಗರ ಸವಾಯ್ ಡ್ಯೂಕನ ಹಿಡಿತದಿಂದ ಬಿಡಿಸಿಕೊಳ್ಳಲು ಹೆಣಗುತ್ತಿತ್ತು. ಹುಟ್ಟಿನಿಂದ ಡ್ಯೂಕನ ಪಕ್ಷದಲ್ಲಿರಬೇಕಾಗಿದ್ದ ಬೊನಿವಾರ್ ನಗರದ ಪಕ್ಷವನ್ನು ಸೇರಿದನು. 1519ರಲ್ಲಿ ಒಮ್ಮೆ ಸೆರೆಸಿಕ್ಕಿ ಎರಡು ವರ್ಷ ಕಳೆದನು. 1530ರಲ್ಲಿ, ಲೊಸಾನ್ ನಗರದ ಸಮೀಪದ ಕಾಡುದಾರಿಯಲ್ಲಿ ಹೋಗುತ್ತಿದ್ದಾಗ ಅವನನ್ನು ಅಡ್ಡಗಟ್ಟಿ ಹಿಡಿದು ಡ್ಯೂಕ್ ಮೂರನೆಯ ಚಾರ್ಲ್ಸನ ಕೈಗೊಪ್ಪಿಸಿದರು. ಶಿಲ್ಲಾನಿನ ಬಾಗಿಲು ಅವನ ಹಿಂದೆ ಮುಚ್ಚಿತು.

ಮೊದಲ ಎರಡು ವರ್ಷಗಳಲ್ಲಿ ಅವನಿಗೆ ಕುಲಕ್ಕೆ ತಕ್ಕ ಉಪಚಾರವಿದ್ದಿತು. ಕೋಟೆಯ ಅಧಿಕಾರಿಯ ವಾಸದ ಕೋಣೆಗಳ ಬಳಿಯಲ್ಲಿಯೇ ಅವನನ್ನಿರಿಸಿದ್ದರು. 1532ರಲ್ಲಿ ಡ್ಯೂಕನು ದುರ್ಗಕ್ಕೆ ಬಂದುಹೋದನು. ಅದಾದ ಬಳಿಕ ಬೊನಿವಾರನನ್ನು ನೆಲಮಾಳಿಗೆಗೆ ತಳ್ಳಿದರು. ಇದು ಡ್ಯೂಕನ ಅಪ್ಪಣೆಯೋ ಅಧಿಕಾರಿಯ ಸ್ವಂತ ಬುದ್ಧಿಯೋ ತಾನರಿಯೆನೆಂದು ಅವನೇ ಮುಂದೆ ಬರೆದಿದ್ದಾನೆ. ಅಲ್ಲಿ ನಾಲ್ಕು ವರ್ಷ. ಅಡ್ಡಾಡಲು ತನಗೆ ಎಷ್ಟು ಬಿಡುವಿದ್ದಿತೆಂದರೆ, ನೆಲದ ಬಂಡೆಯಲ್ಲಿ ಸುತ್ತಿಗೆಯಿಂದ ಕಡಿದಂತೆ ಒಂದು ಕಾಲ್ದಾರಿಯೇ ಮೂಡಿತೆಂದೂ ಅವನು ಹೇಳುತ್ತಾನೆ. ಈ ಒಂದು ಮಾತಿನಿಂದ ಹುಟ್ಟಿದ ದಂತಕಥೆ ಬಹಳ ದೊಡ್ಡದು. ಇಂದಿಗೂ ಯಾತ್ರಿಕರು ಐದನೆಯ ಕಂಬದ ಸುತ್ತ ಬಾಗಿ ಆ ಹೆಜ್ಜೆಯ ಗುರುತನ್ನು ಹುಡುಕುತ್ತಾರೆ, ಕೆಲವರಿಗೆ ಅದು ಕಾಣುತ್ತದೆ ಕೂಡ. ಮನುಷ್ಯನ ಹೆಜ್ಜೆ ನಾಲ್ಕು ವರ್ಷಗಳಲ್ಲಿ ಬಂಡೆಯನ್ನು ಎಷ್ಟು ಸವೆಸಬಲ್ಲುದೆಂದು ತರ್ಕಿಸುವ ಮುನ್ನ, ಅದನ್ನು ಬರೆದವನು ಆ ನಾಲ್ಕು ವರ್ಷಗಳನ್ನು ಸವೆಸಿದವನೆಂಬುದನ್ನು ನೆನೆಯುವುದು ಒಳ್ಳೆಯದು.

1536ರ ಆರಂಭದಲ್ಲಿ ಬರ್ನ್ ನಗರರಾಜ್ಯದ ಸೇನೆ, ಹನ್ಸ್ ಫ್ರನ್ಸ್ ನೇಗೆಲಿ ಎಂಬ ದಂಡನಾಯಕನ ಕೈಕೆಳಗೆ, ಸವಾಯ್ ಡ್ಯೂಕನ ಸೀಮೆಗೆ ನುಗ್ಗಿ ಸರೋವರದ ಉತ್ತರತೀರವನ್ನೆಲ್ಲ ವಶಪಡಿಸಿಕೊಂಡಿತು. ಶಿಲ್ಲಾನನ್ನು ನೆಲದ ಕಡೆಯಿಂದ ಬರ್ನಿನವರೂ ನೀರಿನ ಕಡೆಯಿಂದ ಜಿನೀವಾದ ದೋಣಿಗಳೂ ಮುತ್ತಿದವು. ಕೋಟೆಯ ಪಡೆ ಹಡಗೇರಿ ಎದುರುದಡಕ್ಕೆ ಪಲಾಯನಮಾಡಿತು. ಮಾರ್ಚ್ 29ರಂದು ಬಾಗಿಲು ತೆರೆದು ಬೊನಿವಾರನನ್ನೂ ಅವನೊಡನಿದ್ದ ಇತರ ಬಂದಿಗಳನ್ನೂ ಬಿಡಿಸಿದರು.

ಬಂದಿಗಳು ಹೊರಬಂದರೂ ಸೆರೆಮನೆ ಬರಿದಾಗಲಿಲ್ಲ. ಮುಂದಿನ 260 ವರ್ಷಗಳ ಕಾಲ ಬರ್ನಿನ ಅಧಿಕಾರಿಗಳು ಇಲ್ಲಿಂದಲೂ, 1733ರ ತರುವಾಯ ಸಮೀಪದ ವೆವೆ ಪಟ್ಟಣದಿಂದಲೂ ಆಳಿದರು. ಸ್ವಾತಂತ್ರ್ಯವನ್ನು ತಂದವರೆಂದು ಕೀರ್ತಿಪಡೆದ ಇವರ ಆಳ್ವಿಕೆಯಲ್ಲಿಯೇ, ಹದಿನಾರು ಮತ್ತು ಹದಿನೇಳನೆಯ ಶತಮಾನಗಳಲ್ಲಿ, ಮಾಟಮಂತ್ರದ ಆಪಾದನೆ ಹೊತ್ತ ಬಡ ಹೆಂಗಸರನ್ನೂ ಗಂಡಸರನ್ನೂ ಶಿಲ್ಲಾನಿಗೆ ಎಳೆತಂದು, ಬಲವಿನ್ಯಿಯನ್ನು ವಿಚಾರಿಸಿದ ರೀತಿಯಲ್ಲಿಯೇ ವಿಚಾರಿಸಿ, ಬೆಂಕಿಗೆ ಕೊಟ್ಟರು. 1798ರ ಜನವರಿಯಲ್ಲಿ, ದುರ್ಗವಿರುವ ವೋ ಪ್ರಾಂತದ ಜನ ಬರ್ನಿನ ವಿರುದ್ಧ ಎದ್ದು, ರಕ್ತಪಾತವಿಲ್ಲದೆ ದುರ್ಗವನ್ನು ತೆಗೆದುಕೊಂಡರು. 1803ರಿಂದ ಅದು ಆ ಪ್ರಾಂತದ ಸ್ವತ್ತು.

ಈ ವೇಳೆಗೆ ಸಾಹಿತ್ಯದ ಕಣ್ಣು ಸರೋವರದ ಮೇಲೆ ಬಿದ್ದಿತ್ತು. ರೂಸೋ 1761ರಲ್ಲಿ ಪ್ರಕಟಿಸಿದ ‘ಜ್ಯೂಲಿ’ ಎಂಬ ಕಾದಂಬರಿ ಯೂರೋಪನ್ನೆಲ್ಲ ಕಣ್ಣೀರಿಡಿಸಿತು. ಅದರ ನಾಯಿಕೆ ಶಿಲ್ಲಾನಿಗೆ ವಿಹಾರಕ್ಕೆ ಹೋದಾಗ ನೀರಿಗೆ ಬಿದ್ದ ಮಗನನ್ನು ಉಳಿಸಲು ತಾನೂ ಧುಮುಕಿ, ಅದರ ಪರಿಣಾಮವಾಗಿ ಪ್ರಾಣಬಿಡುತ್ತಾಳೆ. ಜ್ಯೂಲಿಯ ಸಂಸಾರದ ಊರು ಕ್ಲಾರೆನ್ಸ್. ಪ್ರೇಮದ ತೀರ್ಥಕ್ಷೇತ್ರವೆಂದು ಅಲ್ಲಿಗೆ ಬಂದ ಸಾವಿರಾರು ಓದುಗರಲ್ಲಿ, ಬಲವಿನ್ಯಿಯನ್ನು ದೋಣಿಯಿಂದಿಳಿಸಿದ ಚಿಲುಮೆ ಇದೇ ಊರಿನದೆಂದು ಎಷ್ಟು ಮಂದಿ ಅರಿತಿದ್ದರೋ!

1816ರ ಜೂನ್ ತಿಂಗಳಲ್ಲಿ ಬೈರನ್ ಮತ್ತು ಷೆಲ್ಲಿ ಎಂಬ ಇಬ್ಬರು ತರುಣ ಕವಿಗಳು ರೂಸೋವಿನ ಕಾದಂಬರಿಯನ್ನು ಜೊತೆಯಲ್ಲಿರಿಸಿಕೊಂಡು ದೋಣಿಯಲ್ಲಿ ಸರೋವರವನ್ನು ಸುತ್ತಿದರು. ಹಿಂದಿನ ವರ್ಷ ಇಂಡೊನೇಷಿಯಾದ ತಂಬೋರಾ ಅಗ್ನಿಪರ್ವತ ಸಿಡಿದು ಅದರ ಧೂಳು ಆಕಾಶವನ್ನು ಮುಸುಕಿದ್ದುದರಿಂದ, ಆ ವರ್ಷ ಯೂರೋಪಿಗೆ ಬೇಸಗೆಯೇ ಬರಲಿಲ್ಲ. ಮಳೆ, ಗಾಳಿ, ಚಳಿ. ಮೆಯ್ಯೆರಿ ಎಂಬಲ್ಲಿ ಬಿರುಗಾಳಿಗೆ ಸಿಕ್ಕಿ ದೋಣಿ ಮುಳುಗುವಂತಾಯಿತು. ಷೆಲ್ಲಿಗೆ ಈಜು ಬಾರದು. ಅಂದು ಬದುಕಿಕೊಂಡ ಅವನು ಆರು ವರ್ಷಗಳ ಬಳಿಕ ಇಟಲಿಯ ಕಡಲಿನಲ್ಲಿ ಇಂಥದೇ ಬಿರುಗಾಳಿಗೆ ಬಲಿಯಾದನು. ಇಬ್ಬರೂ ಶಿಲ್ಲಾನಿನ ನೆಲಮಾಳಿಗೆಯನ್ನು ನೋಡಿದರು. ಕಂಬಗಳನ್ನೂ, ಬಳೆಗಳನ್ನೂ, ಬಂದಿಗಳನ್ನು ನೇಣಿಗೇರಿಸುತ್ತಿದ್ದರೆಂದು ತೋರಿಸಿದ ತೊಲೆಯನ್ನೂ ಕಂಡು ಷೆಲ್ಲಿ ದಿಗ್ಭ್ರಾಂತನಾದನು. ಹಿಂದಿರುಗುವಾಗ ಲೊಸಾನಿನ ರೇವಾದ ಊಶಿಯಲ್ಲಿ ಮಳೆ ಅವರನ್ನು ತಡೆಯಿತು. ಅಲ್ಲಿನ ಒಂದು ವಸತಿಗೃಹದಲ್ಲಿ ಬೈರನ್ ಕೆಲವೇ ದಿನಗಳಲ್ಲಿ ತನ್ನ ಕವನವನ್ನು ಬರೆದು ಮುಗಿಸಿದನು.

ಕವನದ ಬಂದಿಗೆ ಸೋದರರಿದ್ದಾರೆ. ಅವರಲ್ಲಿ ಇಬ್ಬರು ಅವನೊಡನೆಯೇ, ಬೇರೆ ಬೇರೆ ಕಂಬಗಳಿಗೆ ಬಿಗಿಯಲ್ಪಟ್ಟು, ಅವನ ಕಣ್ಣೆದುರಿಗೆ ಸಾಯುತ್ತಾರೆ. ತಂದೆ ಧರ್ಮಕ್ಕಾಗಿ ಸುಡಲ್ಪಟ್ಟವನು. ನಿಜವಾದ ಬೊನಿವಾರನ ಬಾಳಿನಲ್ಲಿ ಇದಾವುದೂ ಇಲ್ಲ. ಈ ಪದ್ಯವನ್ನು ರಚಿಸಿದಾಗ ಬೊನಿವಾರನ ಚರಿತ್ರೆ ತನಗೆ ಸಾಕಷ್ಟು ತಿಳಿದಿರಲಿಲ್ಲವೆಂದು ಕವಿಯೇ ಒಪ್ಪಿಕೊಂಡು, ಬಳಿಕ ಆ ಧೀರನ ಗೌರವಕ್ಕಾಗಿ ಒಂದು ಸಾನೆಟ್ಟನ್ನು ಸೇರಿಸಿದನು. ನೆಲಮಾಳಿಗೆ ಸರೋವರದ ಮಟ್ಟಕ್ಕಿಂತ ಕೆಳಗಿದೆಯೆಂದು ಕವನ ಹೇಳುತ್ತದೆ. ಬೊನಿವಾರನೂ ಹಾಗೆಯೇ ನಂಬಿದ್ದನು. ವಾಸ್ತವವಾಗಿ ಅದರ ನೆಲ ನೀರಿಗಿಂತ ಮೇಲಿದೆ. ಹಗಲಿರುಳೂ ಗೋಡೆಯಾಚೆ ಅಲೆಯ ಸದ್ದನ್ನು ಕೇಳುತ್ತ ಕುಳಿತವನಿಗೆ ನೀರು ತಲೆಯ ಮೇಲಿದೆಯೆಂದು ತೋರಿದ್ದರಲ್ಲಿ ಏನಾಶ್ಚರ್ಯ? ಕಥೆ ಕಲ್ಪಿತವಾದರೂ, ದೀರ್ಘಕಾಲದ ಸೆರೆ ಮನುಷ್ಯನ ಒಳಗನ್ನು ಹೇಗೆ ಮಾರ್ಪಡಿಸುತ್ತದೆ, ಬಿಡುಗಡೆಯೂ ಹೇಗೆ ಒಂದು ಅಗಲಿಕೆಯಂತೆ ತೋರುತ್ತದೆ ಎಂಬುದನ್ನು ಬೈರನ್ ಕಂಡುಕೊಂಡಿದ್ದಾನೆ. ಅದು ಅವನ ಪ್ರತಿಭೆಯ ಸತ್ಯ, ಅದಕ್ಕೆ ನಾವು ತಲೆಬಾಗಲೇಬೇಕು.

ಕವನ ಪ್ರಕಟವಾದ ಮೇಲೆ ಜನ ಬರತೊಡಗಿದರು. ಮೂರನೆಯ ಕಂಬದಲ್ಲಿ ಬೈರನ್ನನ ಹೆಸರು ಕೆತ್ತಿದೆ. ಅವನ ಕೈಯದೇ ಎಂಬ ವಿಷಯದಲ್ಲಿ ಸಂದೇಹಪಡುವವರುಂಟಾದರೂ ಅದನ್ನು ಆವರಣ ಹಾಕಿ ಕಾಪಾಡಿದ್ದಾರೆ. ದೇಶಭ್ರಷ್ಟನಾಗಿ ಸಮೀಪದ ಊರಿನಲ್ಲಿ ಬಂದು ನೆಲೆಸಿದ ಫ್ರೆಂಚ್ ಚಿತ್ರಕಾರ ಕೂರ್ಬೆ, 1877ರಲ್ಲಿ ಸಾಯುವವರೆಗೂ, ಈ ದುರ್ಗವನ್ನು ಮತ್ತೆ ಮತ್ತೆ ಚಿತ್ರಿಸಿದನು. ಸ್ವದೇಶಕ್ಕೆ ಹಿಂದಿರುಗಲಾರದವನ ಕಣ್ಣಿಗೆ ಶಿಲ್ಲಾನ್ ಬೇರೆಯೇ ಆಗಿ ಕಂಡಿರಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆಲ್ಬರ್ ನಾಫ್ ಎಂಬ ಪುರಾತತ್ತ್ವಜ್ಞನು ಜೀರ್ಣೋದ್ಧಾರದ ಹೊಣೆಹೊತ್ತು, ಕಲ್ಲು ಕಲ್ಲನ್ನೂ ಪರೀಕ್ಷಿಸಿ, ಯಾವುದು ಯಾವ ಕಾಲದ್ದೆಂದು ಗುರುತಿಸುತ್ತ, ಹಳೆಯದನ್ನು ಅಳಿಸದೆ ಉಳಿಸುವ ಕ್ರಮವನ್ನು ಅನುಸರಿಸಿದನು.

ಇನ್ನು ಬೊನಿವಾರನ ಮುಂದಿನ ಬಾಳು. ಬಿಡುಗಡೆಯಾಗಿ ಜಿನೀವಾಕ್ಕೆ ಬಂದಾಗ ಅವನ ಮಠವಿರಲಿಲ್ಲ. ನಗರದ ರಕ್ಷಣೆಗೆ ಅಡ್ಡಿಯೆಂದು ನಾಗರಿಕರೇ ಅದನ್ನು ಕೆಡವಿದ್ದರು. ನಗರ ಅವನಿಗೆ ವೇತನವನ್ನೂ ಸಭಾಸದಸ್ಯತ್ವವನ್ನೂ ಕೊಟ್ಟಿತು. ಅವನು ನಾಲ್ಕು ಬಾರಿ ಮದುವೆಯಾದನು. ಕೊನೆಯ ಹೆಂಡತಿ ಒಮ್ಮೆ ಸನ್ಯಾಸಿನಿಯಾಗಿದ್ದವಳು, ವ್ಯಭಿಚಾರದ ಆರೋಪದ ಮೇಲೆ ನಗರದ ನ್ಯಾಯಾಲಯ ಅವಳನ್ನು ನದಿಯಲ್ಲಿ ಮುಳುಗಿಸಿ ಕೊಂದಿತು. ಇಷ್ಟರ ನಡುವೆಯೂ ಅವನು ಓದಿದನು, ಬರೆದನು. ತನ್ನ ಪುಸ್ತಕಗಳನ್ನು ನಗರಕ್ಕೆ ಬಿಟ್ಟುಕೊಟ್ಟನು. ಜಿನೀವಾದ ಗ್ರಂಥಾಲಯಕ್ಕೆ ಅವು ಬೀಜವಾದವು. ನಗರಸಭೆಯ ಕೋರಿಕೆಯಂತೆ ಜಿನೀವಾದ ಚರಿತ್ರೆಯನ್ನು ಬರೆದನು. ಆದರೆ ಅವನ ಶೈಲಿ ಕ್ಯಾಲ್ವಿನ್ ಮೊದಲಾದ ಹಿರಿಯರಿಗೆ ಹಿಡಿಸಲಿಲ್ಲ, ಗ್ರಂಥ ಅಚ್ಚಾಗಲಿಲ್ಲ. 1570ರಲ್ಲಿ ಅವನು ತೀರಿಕೊಂಡನು. ನೆಲಮಾಳಿಗೆಯ ನಾಲ್ಕು ವರ್ಷಗಳನ್ನು ಅವನು ತನ್ನದೇ ಮಾತಿನಲ್ಲಿ ಹೇಳಿರುವ ಆ ವೃತ್ತಾಂತ ಮುದ್ರಣವನ್ನು ಕಂಡದ್ದು 1831ರಲ್ಲಿ. ಬೈರನ್ನನ ಕವನ ಲೋಕದ ಕೈಸೇರಿ ಆಗಲೇ 15 ವರ್ಷಗಳಾಗಿದ್ದವು, ಬೈರನ್ ಮೃತನಾಗಿ 7 ವರ್ಷಗಳಾಗಿದ್ದವು.